ಮೇಸ್ತ್ರಿಗೂ ಅಕ್ಕನಿಗೂ ಮಧ್ಯೆ ನಾನು

ಯಾರದೋ ಜಗಳ ಬಿಡಿಸಲು ಹೋಗಿ ಕೊನೆಗೆ ನಾನೇ ತಬ್ಬಿಬ್ಬಾಗಿ ನಿಲ್ಲುವುದು ಇವತ್ತು ನಿನ್ನೆಯ ಕಥೆಯಲ್ಲ. ನಿವೃತ್ತನಾದ ಮೇಲಾದರೂ ನಿಲ್ಲಬಹುದು ಅಂದುಕೊಂಡಿದ್ದೆ, ನಿಂತಿಲ್ಲ. ಮೊನ್ನೆ ತಿಪಟೂರು ಬಸ್ ಸ್ಟ್ಯಾಂಡಿನಲ್ಲಿ, ಹುಳಿಯಾರು ಬಸ್ಸಿನ ಒಂದು ಕಿಟಕಿ ಸೀಟಿಗೆ ಇಬ್ಬರು ಟವೆಲ್ ಹಾಕಿ ಕಿತ್ತಾಡುತ್ತಿದ್ದರು. ನಾನು ಸುಮ್ಮನೆ ಕೂತಿರಬಹುದಿತ್ತು. ಎದ್ದು ಹೋಗಿ, ಇಬ್ಬರಿಗೂ ಬುದ್ಧಿ ಹೇಳಿ, ಇಬ್ಬರೂ ಒಪ್ಪುವ ಹಾಗೆ ತೀರ್ಮಾನ ಮಾಡಿ ತಿರುಗಿ ನೋಡಿದರೆ ನನ್ನ ಸೀಟಿನಲ್ಲಿ ಮೂರನೆಯವನು ಕೂತಿದ್ದ. ಹುಳಿಯಾರಿನವರೆಗೆ ನಿಂತೇ ಹೋದೆ. ರಾಜಿಯಾದ ಇಬ್ಬರೂ ದಾರಿಯುದ್ದಕ್ಕೂ ನನ್ನನ್ನು ನೋಡಿ "ಪಾಪ" ಅನ್ನುತ್ತಿದ್ದರು.

ಇದೇನೂ ದೊಡ್ಡದಲ್ಲ. ದೊಡ್ಡದು ನಡೆದದ್ದು ನನ್ನ ನೌಕರಿಯ ಕಡೆಯ ತಿಂಗಳಲ್ಲಿ.

ನಾನು ಬಿ.ಕಾಂ. ಓದಿ, ಅಲ್ಲಿ ಇಲ್ಲಿ ಕೆಲಸ ಮಾಡಿ, ಕೊನೆಗೆ ಚಿಕ್ಕನಾಯಕನಹಳ್ಳಿ ರಸ್ತೆಯ ಒಂದು ಕೊಬ್ಬರಿ ಅಂಗಳದಲ್ಲಿ ಮ್ಯಾನೇಜರ್ ಆಗಿದ್ದೆ. ಅಟ್ಟದ ಮೇಲೆ ಒಂದು ವರ್ಷ ಒಣಗಿದ ತೆಂಗಿನಕಾಯಿ ನಮ್ಮಲ್ಲಿಗೆ ಬರುತ್ತದೆ. ಗಂಡಸರು ಸುಲಿದು, ಮಚ್ಚಿನ ಬೆನ್ನಿನಿಂದ ಚಿಪ್ಪಿಗೆ ಹದವಾಗಿ ಏಟು ಕೊಟ್ಟು, ಉಂಡೆ ಕೊಬ್ಬರಿಯನ್ನು ಇಡಿಯಾಗಿ ತೆಗೆದು ರಾಶಿ ಹಾಕುತ್ತಾರೆ. ಹೆಂಗಸರು ಆ ರಾಶಿಯಿಂದ ದಪ್ಪ, ಸಣ್ಣ, ಒಡಕು ಅಂತ ಆಯುತ್ತಾರೆ. ಗಂಡಸರ ಮುಖಂಡ ಕಂದಿಕೆರೆ ಕಡೆಯ ಮೇಸ್ತ್ರಿ. ಹೆಂಗಸರ ಮುಖಂಡಳನ್ನು ಎಲ್ಲರೂ ಅಕ್ಕ ಅನ್ನುತ್ತಿದ್ದರು. ನನಗಿಂತ ಹತ್ತು ವರ್ಷ ಚಿಕ್ಕವಳು, ಆದರೂ ನನಗೂ ಅಕ್ಕನೇ.

ನನಗೆ ನಿವೃತ್ತಿಯ ಯೋಚನೆ ಹತ್ತಿದ ಆ ವರ್ಷವೇ ಒಡಕು ಜಾಸ್ತಿಯಾಯಿತು. ಒಡೆದ ಉಂಡೆ ಎಣ್ಣೆಗೆ ಬಿಟ್ಟು ಬೇರೆಯದಕ್ಕೆ ಆಗುವುದಿಲ್ಲ. ಮೇಸ್ತ್ರಿಯ ಕಡೆಯವರ ಏಟು ಜೋರು ಅಂತ ಅಕ್ಕ. ಅಕ್ಕನ ಕಡೆಯವರು ಎಸೆದು ಒಡೆಯುತ್ತಾರೆ ಅಂತ ಮೇಸ್ತ್ರಿ. ಇಬ್ಬರೂ ಮಾತು ಬಿಟ್ಟರು. ಮಾಲೀಕರು ಬಂದು ನೋಡಿ ನನ್ನನ್ನು ಕರೆದರು.

"ಇಬ್ಬರಲ್ಲಿ ಒಬ್ಬರ ತಪ್ಪು ಇರ್ಲೇಬೇಕಲ್ರೀ. ನೀವು ರಿಟೈರ್ ಆಗೋದ್ರೊಳಗೆ ಒಂದು ಚೀಟೀಲಿ ಒಂದು ಹೆಸರು ಬರ್ದು ಕೊಡಿ. ಅವರನ್ನ ಕಳಿಸ್ತೀನಿ."

ಹೋಗುವ ಹೊತ್ತಿನಲ್ಲಿ ಒಬ್ಬರ ಅನ್ನ ಕಿತ್ತು ಹೋಗುವುದೇ? ನಿದ್ದೆ ಬರಲಿಲ್ಲ. ಹಗಲೆಲ್ಲ ಅಂಗಳದಲ್ಲಿ ಅತ್ತ ಇತ್ತ ಓಡಾಡಿದೆ. ಯೋಚನೆ ಹತ್ತಿದರೆ ನನಗೆ ಕೈ ಸುಮ್ಮನಿರುವುದಿಲ್ಲ. ಒಂದು ಉಂಡೆ ಎತ್ತಿಕೊಂಡು, ಕಿವಿಯ ಹತ್ತಿರ ಅಲ್ಲಾಡಿಸಿ, ರಾಶಿಗೆ ಎಸೆದು, ಮುಂದಿನ ರಾಶಿಗೆ ಹೋಗುವುದು. ನಮ್ಮ ಸೀಮೆಯಲ್ಲಿ ಹುಟ್ಟಿದವರಿಗೆ ಕಾಯಿ ಕಂಡರೆ ಕಿವಿಗೆ ಹಿಡಿಯುವುದು ರಕ್ತದಲ್ಲೇ ಬಂದಿರುತ್ತದೆ.

ಎದುರೆದುರೇ ಟಪಾಲು

ಮಾಲೀಕರೇ ನನ್ನನ್ನು ತುಮಕೂರಿಗೆ ಎರಡು ದಿನದ ತರಬೇತಿಗೆ ಕಳಿಸಿದರು. ತಂಡವನ್ನು ಮುನ್ನಡೆಸುವುದು ಹೇಗೆ ಅಂತ. ಅಲ್ಲೊಬ್ಬ ಟೈ ಕಟ್ಟಿದ ಹುಡುಗ, ಜಗಳವಾಡುವವರನ್ನು ಎದುರುಬದುರು ಕೂರಿಸಿ, ಇಬ್ಬರ ಮಾತನ್ನೂ ಕೇಳಿ, ಕೇಳಿದ್ದನ್ನು ಮತ್ತೆ ನಿಮ್ಮ ಬಾಯಲ್ಲಿ ಹೇಳಿ ಅಂದ. ಬರೆದುಕೊಂಡೆ.

ವಾಪಸ್ ಬಂದಾಗ ಅಂಗಳ ತಣ್ಣಗಿತ್ತು. ಎರಡು ದಿನ ಒಂದು ಜಗಳವೂ ಎದ್ದಿಲ್ಲವಂತೆ. ನಾನು ಬರುವ ಮೊದಲೇ ತರಬೇತಿ ಕೆಲಸ ಮಾಡುತ್ತಿದೆಯಲ್ಲ ಅಂತ ಖುಷಿಯಾಯಿತು. ಎಲ್ಲ ರಾಶಿಗಳ ಹತ್ತಿರವೂ ಒಂದು ಸುತ್ತು ಹಾಕಿ ಬಂದೆ. ಮಧ್ಯಾಹ್ನದ ಹೊತ್ತಿಗೆ ಮತ್ತೆ ಶುರು.

ಇಬ್ಬರನ್ನೂ ಆಫೀಸಿಗೆ ಕರೆದು ಕೂರಿಸಿದೆ. ಇಬ್ಬರ ನಡುವೆ ಒಂದು ಮೊಳ ಜಾಗ.

"ಸಾರ್, ಅವ್ರಿಗೆ ಹೇಳಿ," ಅಂದಳು ಅಕ್ಕ, "ಸೌದೆ ಒಡೆಯೋ ಹಂಗೆ ಮಚ್ಚು ಬೀಸಿದ್ರೆ ಉಂಡೆ ಉಳಿಯಾಕಿಲ್ಲ."

ಮೇಸ್ತ್ರಿಯ ಕಡೆ ತಿರುಗಿ ಹೇಳಿದೆ.

"ಅವ್ರಿಗೆ ಹೇಳಿ ಸಾರ್, ಈರುಳ್ಳಿ ಎಸೆದಂಗೆ ಕೊಬ್ಬರಿ ಎಸಿಬಾರ್ದು ಅಂತ."

ಅಕ್ಕನ ಕಡೆ ತಿರುಗಿ ಹೇಳಿದೆ. ಹೀಗೇ ಅರ್ಧ ಗಂಟೆ. ಕತ್ತು ನೋಯಲು ಶುರುವಾಯಿತು. "ಕೆಲಸ ಬರದೋರು ಮನೇಲಿ ಕಲ್ತ್ಕಂಡು ಬರ್ಲಿ" ಅಂತ ಮೇಸ್ತ್ರಿ ಅಂದಾಗ ಕತ್ತು ಯಾವ ಕಡೆಗಿತ್ತೋ ಏನೋ, ಅದನ್ನು ಮೇಸ್ತ್ರಿಗೇ ಹೇಳಿಬಿಟ್ಟೆ.

ಅವನು ಎದ್ದು ನಿಂತ. "ಯಾವನ್ ಸಾರ್ ಹಂಗಂದೋನು?"

"ನೀನೇ ಕಣಪ್ಪ."

"ಸರ್ಯಾಗೇ ಹೇಳವ್ರೆ ಬುಡಿ," ಅಂದಳು ಅಕ್ಕ.

ಮೇಸ್ತ್ರಿ ಮತ್ತೆ ಕೂತ. "ನಾನೇ ಅಂದಿರ್ಬೋದು. ಆದ್ರೂ ನೀವು ನನಗೆ ಹಂಗನ್ಬೋದಾ ಸಾರ್?"

ಎರಡು ದಿನ ನನ್ನ ಜೊತೆಯೂ ಮಾತು ಬಿಟ್ಟ. ತನ್ನ ಮಾತಿಗೆ ತಾನೇ ಮುನಿಸಿಕೊಂಡವನನ್ನು ಸಮಾಧಾನ ಮಾಡುವುದು ಹೇಗೆ ಅಂತ ಟೈ ಕಟ್ಟಿದ ಹುಡುಗ ಹೇಳಿಕೊಟ್ಟಿರಲಿಲ್ಲ.

ಅದಲು ಬದಲು

ಟೈ ಹುಡುಗ ಹೇಳಿದ ಇನ್ನೊಂದು ಉಪಾಯ, ಒಬ್ಬರ ಕಷ್ಟ ಇನ್ನೊಬ್ಬರಿಗೆ ಗೊತ್ತಾಗಬೇಕು, ಕೆಲಸ ಬದಲಾಯಿಸಿ ನೋಡಿ ಅಂತ. ಒಂದು ದಿನದ ಮಟ್ಟಿಗೆ ಮಚ್ಚು ಅಕ್ಕನ ಕೈಗೆ, ಮೊರ ಮೇಸ್ತ್ರಿಯ ಮುಂದೆ. ನಾನು ಮಧ್ಯೆ ಕುರ್ಚಿ ಹಾಕಿಕೊಂಡು, ಒಂದು ಕೈಯಲ್ಲಿ ನೋಟ್‌ಬುಕ್, ಇನ್ನೊಂದರಲ್ಲಿ ಪೆನ್ನು ಹಿಡಿದು ಕೂತೆ.

ಅಕ್ಕ ಸೆರಗು ಸಿಕ್ಕಿಸಿ ಕೂತವಳು, ಮೊಟ್ಟೆ ಸುಲಿದ ಹಾಗೆ ಚಿಪ್ಪು ತೆಗೆದಳು. ಮೇಸ್ತ್ರಿ ಉಂಡೆಗಳನ್ನು ಕೂಸು ಮಲಗಿಸಿದ ಹಾಗೆ ಒಂದರ ಪಕ್ಕ ಒಂದು ಇಟ್ಟ. ಸಂಜೆಯ ತನಕ ಒಂದೂ ಒಡೆಯಲಿಲ್ಲ. ನನ್ನ ಕಣ್ಣಲ್ಲಿ ನೀರು ಬರುವುದೊಂದು ಬಾಕಿ.

"ಏನು ಗೊತ್ತಾಯ್ತು?" ಅಂತ ಇಬ್ಬರನ್ನೂ ಕೇಳಿದೆ.

"ನನಗೆ ಎರಡು ಕೆಲಸಾನೂ ಬತ್ತದೆ ಅಂತ ಗೊತ್ತಾಯ್ತು," ಅಂದಳು ಅಕ್ಕ. "ಅವ್ರನ್ನ ಕಳ್ಸಿಬುಡಿ."

"ನಾನೂ ಅದನ್ನೇ ಹೇಳೋಣ ಅಂತಿದ್ದೆ," ಅಂದ ಮೇಸ್ತ್ರಿ.

ಅಲ್ಲಿಯವರೆಗೆ ಇಬ್ಬರೂ ಒಪ್ಪಿದ್ದು ಅದೊಂದೇ ಮಾತು.

ಒಬ್ಬರು ಹೋಗಲೇಬೇಕು

ನಾನು ಸುಸ್ತಾಗಿ, ಮುಚ್ಚಿಟ್ಟಿದ್ದ ಸಂಗತಿ ಹೇಳಿಬಿಟ್ಟೆ. "ಕಳ್ಸಿ ಕಳ್ಸಿ ಅನ್ನಬೇಡಿ. ನಾಡಿದ್ದು ಮಾಲೀಕರು ಬರ್ತಾರೆ. ನಾನು ಒಂದು ಹೆಸರು ಕೊಡಬೇಕು. ಕೊಟ್ಟರೆ ನಿಜವಾಗ್ಲೂ ಕಳಿಸ್ತಾರೆ."

ಅಕ್ಕ ಮಚ್ಚು ಕೆಳಗಿಟ್ಟಳು, ಮೇಸ್ತ್ರಿ ಮೊರ ಸರಿಸಿದ. ಇಬ್ಬರೂ ಮನೆಗೆ ಹೋದರು.

ಮಾರನೆಯ ಬೆಳಿಗ್ಗೆ ಮೇಸ್ತ್ರಿ ಮೊದಲು ಬಂದ. ರಾಶಿಯ ಪಕ್ಕ ನಿಂತಿದ್ದ ನನ್ನ ಹತ್ತಿರ ಮೆಲ್ಲಗೆ, "ನನ್ನ ಹೆಸರು ಬರ್ದುಬುಡಿ ಸಾರ್. ಮಚ್ಚು ಹಿಡಿಯೋನಿಗೆ ಎಲ್ಲಾದ್ರೂ ಕೆಲಸ ಸಿಕ್ತದೆ. ಆಯಮ್ಮ ಎಲ್ಲಿಗೋಗ್ತಾಳೆ?" ಅಂದ.

ಅಕ್ಕ ಹಿಂದೆಯೇ ಬಂದಿದ್ದಳು. ಕೇಳಿಸಿಕೊಂಡು ಉರಿದುಬಿದ್ದಳು.

"ನಾನ್ಯಾಕೆ ಇವ್ರ ಋಣದಾಗಿರ್ಲಿ? ನನ್ನ ಹೆಸರು ಬರೀರಿ."

"ಮೊದ್ಲು ಹೇಳಿದ್ದು ನಾನು ಕಣಮ್ಮ."

"ಮೊದ್ಲು ಹೇಳಿದ್ರೆ? ಹೋಗೋದ್ರಲ್ಲೂ ನಿಮ್ದೇ ದರ್ಬಾರಾ?"

ಮಾತು ಬಿಟ್ಟ ಮೇಲೆ ಇಬ್ಬರೂ ನೇರವಾಗಿ ಮಾತಾಡಿದ್ದು ಅದೇ ಮೊದಲು, ಅದೂ ಯಾರು ಹೋಗಬೇಕು ಅನ್ನುವ ಜಗಳ. ಇರಬೇಕು ಅನ್ನುವವರ ಜಗಳಕ್ಕೆ ತರಬೇತಿ ಇದೆ. ಹೋಗಬೇಕು ಅನ್ನುವವರ ಜಗಳಕ್ಕೆ ಏನು ಮಾಡುವುದು? ಒಂದು ಉಂಡೆ ಎತ್ತಿದೆ, ಕಿವಿಗೆ ಹಿಡಿದು ಅಲ್ಲಾಡಿಸಿದೆ, ರಾಶಿಗೆ ಎಸೆದೆ. ಇನ್ನೊಂದು ಎತ್ತಿದೆ, ಅಲ್ಲಾಡಿಸಿದೆ, ಎಸೆದೆ.

ಟಕ್ ಅಂತ ಸದ್ದಾಯಿತು.

ಇಬ್ಬರೂ ತಟ್ಟನೆ ತಿರುಗಿದರು. ರಾಶಿ ನೋಡಿದರು, ನನ್ನ ಕೈ ನೋಡಿದರು, ಆಮೇಲೆ ಒಬ್ಬರ ಮುಖ ಒಬ್ಬರು ನೋಡಿದರು. ಜಗಳ ಅಲ್ಲಿಗೇ ಬಿಟ್ಟು ಒಟ್ಟಿಗೇ ಹೊರಗೆ ಹೋದರು.

ನಾನು ಮನೆಗೆ ಹೋಗಿ ಹೆಂಡತಿಗೆ ಹೇಳಿದೆ, "ನಾಯಕನಾದವನು ಕೆಲವು ಸಲ ಏನೂ ಮಾತಾಡದೆ ನಿಲ್ಲಬೇಕು ಕಣೇ. ತಾನಾಗೇ ಸರಿಹೋಗುತ್ತೆ."

ಒಂದು ಚೀಟಿ, ಒಂದು ಹೆಸರು

ಮಾಲೀಕರು ಬಂದ ದಿನ ನನ್ನ ಚೀಟಿ ಖಾಲಿಯೇ ಇತ್ತು. "ಬರೆಯೋಕೆ ಆಗ್ಲಿಲ್ಲ" ಅಂತ ತೊದಲುವಷ್ಟರಲ್ಲಿ ಅಕ್ಕ, ಮೇಸ್ತ್ರಿ ಇಬ್ಬರೂ ಒಳಗೆ ಬಂದರು. ಅಕ್ಕನ ಕೈಯಲ್ಲಿ ಒಂದು ಹಾಳೆ. ಕೆಳಗೆ ಇಬ್ಬರ ಸಹಿಯೂ ಇತ್ತು.

ಮಾಲೀಕರು ಗಟ್ಟಿಯಾಗಿ ಓದಿದರು. "ಮ್ಯಾನೇಜರ್ ಸಾಹೇಬ್ರು ತುಮಕೂರಿಗೆ ಹೋದ ಎರಡು ದಿನ ಒಂದೂ ಒಡೆದಿಲ್ಲ. ಅವರು ಎರಡು ಕೈಯಲ್ಲೂ ನೋಟ್‌ಬುಕ್ಕು ಪೆನ್ನು ಹಿಡಿದ ದಿನವೂ ಒಡೆದಿಲ್ಲ. ಉಳಿದ ದಿನ ಅವರ ಕೈ ಖಾಲಿ ಇತ್ತು. ಸಾಹೇಬ್ರು ದೇವರಂಥೋರು. ನಮ್ಮ ಜಗಳಕ್ಕೆ ಬೇಜಾರಾದಷ್ಟೂ ಜಾಸ್ತಿ ಎಸೀತಾರೆ. ಎಸೆದಷ್ಟೂ ನಮಗೆ ಜಗಳ."

ನನಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು.

"ಅಲ್ರೀ," ಅಂದರು ಮಾಲೀಕರು, "ಚಿಪ್ಪಿನೊಳಗೆ ಇದ್ದಾಗ ಅಲ್ಲಾಡಿಸಿದ್ರೆ ಒಣಗಿದ್ಯೋ ಇಲ್ವೋ ಸದ್ದಲ್ಲಿ ಗೊತ್ತಾಗುತ್ತೆ. ಚಿಪ್ಪು ತೆಗೆದ ಉಂಡೇನ ಅಲ್ಲಾಡಿಸಿ ಏನು ಕೇಳಿಸ್ಕೊಳ್ತಿದ್ರಿ?"

ಅಷ್ಟು ವರ್ಷದಲ್ಲಿ ಈ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ, ನಾನೂ ಕೇಳಿಕೊಂಡಿರಲಿಲ್ಲ. ಏನು ಹೇಳುವುದು ಅಂತ ಗಾಬರಿಯಲ್ಲಿ ಮೇಜಿನ ಮೇಲಿದ್ದ ಮಾದರಿಯ ಉಂಡೆ ಎತ್ತಿಕೊಂಡು ಕಿವಿಯ ಹತ್ತಿರ ಅಲ್ಲಾಡಿಸಿದೆ. ಮೂವರೂ ಒಟ್ಟಿಗೆ ಕೈ ಚಾಚಿದರು. ಅಷ್ಟರಲ್ಲಿ ಎಸೆದಾಗಿತ್ತು. ಮೇಜಿಗೆ ಬಡಿದು ಎರಡು ಹೋಳಾಯಿತು.

ಮಾಲೀಕರು ನಕ್ಕು ನಕ್ಕು ಕಣ್ಣು ಒರೆಸಿಕೊಂಡು, "ಈಗ ಯಾರನ್ನ ಕಳಿಸ್ಲಿ?" ಅಂದರು.

"ಇವ್ರನ್ನೇ," ಅಂದರು ಇಬ್ಬರೂ, ಒಂದೇ ಉಸಿರಿಗೆ. ಹೇಗೂ ನನ್ನ ನಿವೃತ್ತಿಗೆ ಉಳಿದಿದ್ದು ನಾಲ್ಕೇ ದಿನ. ಆ ನಾಲ್ಕು ದಿನವೂ ಜೇಬಿನಲ್ಲಿ ಕೈಯಿಟ್ಟುಕೊಂಡೇ ಮ್ಯಾನೇಜರ್‌ಗಿರಿ ಮಾಡಿದೆ. ಒಡಕೂ ಇಲ್ಲ, ಜಗಳವೂ ಇಲ್ಲ. ಅಷ್ಟು ಚೆನ್ನಾಗಿ ನಾನು ಎಂದೂ ಆ ಅಂಗಳವನ್ನು ನಡೆಸಿರಲಿಲ್ಲ.

ಬೀಳ್ಕೊಡುಗೆಯ ದಿನ ಇಬ್ಬರೂ ಸೇರಿ ಹಾರ ಹಾಕಿ, ಬಣ್ಣದ ಕಾಗದ ಸುತ್ತಿದ ಪೊಟ್ಟಣ ಕೊಟ್ಟರು. ಬಿಚ್ಚಿ ನೋಡಿದರೆ ಹಸುಗೂಸು ಆಡುವ ಗಿಲಕಿ. ನೋಡಿದ ಕೂಡಲೇ ಕೈ ತಾನಾಗಿ ಕಿವಿಯ ಹತ್ತಿರ ಹೋಯಿತು.

ಅಕ್ಕ ಮೇಸ್ತ್ರಿಯ ಕಡೆ ತಿರುಗಿದಳು. "ಮೇಸ್ತ್ರಿ, ಸಾಹೇಬ್ರಿಗೆ ಹೇಳಿ, ಇದು ಎಸೆದ್ರೂ ಒಡೆಯಾಕಿಲ್ಲ ಅಂತ."

ನಾನು ಅವರಿಬ್ಬರ ಎದುರಲ್ಲೇ, ಒಂದು ಮೊಳ ದೂರದಲ್ಲಿ ನಿಂತಿದ್ದೆ.