ನಮ್ಮವರ ಜಪಾನೀ ಅಕ್ಷರಾಭ್ಯಾಸ

ಗಂಡ ಕುಡಿದು ಬಂದರೆ ಊರವರ ಮುಂದೆ ಗೋಳಾಡಬಹುದು. ಇಸ್ಪೀಟಾಡಿದರೆ ಅತ್ತೆಯ ಹತ್ತಿರ ದೂರು ಹೇಳಬಹುದು. ವಿದ್ಯೆಯ ಹುಚ್ಚು ಹಿಡಿದರೆ ಯಾರ ಹತ್ತಿರ ಹೇಳುವುದು? ಹೇಳಿದರೆ "ನಿನ್ನ ಪುಣ್ಯ ಕಣಮ್ಮ ಸುನಂದಾ" ಅನ್ನುತ್ತಾರೆ. ಆ ಪುಣ್ಯವನ್ನು ಯಾರಾದರೂ ಒಂದು ವಾರ ತಮ್ಮ ಮನೆಯಲ್ಲಿಟ್ಟುಕೊಂಡು ನೋಡಲಿ.

ನಮ್ಮ ಯಜಮಾನರಾದ ವೀರಭದ್ರಸ್ವಾಮಿಗಳು ಕಂಪಲಾಪುರದ ಸ್ಕೂಲಿನಲ್ಲಿ ಮೇಷ್ಟ್ರು. ಹದಿಮೂರರ ಮಗ್ಗಿಯಲ್ಲಿ ಸ್ವತಃ ಎಡವುತ್ತಾರೆ (ಮಕ್ಕಳು ಮರ್ಯಾದಸ್ಥರು, ತೋರಿಸಿಕೊಳ್ಳುವುದಿಲ್ಲ). ಇಂಥವರು ಯುಗಾದಿ ಕಳೆದ ಮೇಲೆ ಒಂದು ದಿನ ಹುಣಸೂರಿಗೆ ಹೋಗಿ ಬಂದು, ಕೋಟು ಕೂಡ ಬಿಚ್ಚದೆ, ತಾವು ಇನ್ನು ಜಪಾನೀ ಅಕ್ಷರ ಕಲಿಯುವುದಾಗಿ ಘೋಷಿಸಿದರು. ಮಹಾರಾಜರ ಸರ್ಕಾರದವರು ಜಪಾನಿನಿಂದ ಒಬ್ಬ ರೇಷ್ಮೆ ಪಂಡಿತರನ್ನು ಕರೆಸಿದ್ದಾರಂತೆ. ಅವರು ದಸರಾ ಮುಗಿದ ಮೇಲೆ ನಮ್ಮ ಸೀಮೆಗೆ ಬರುತ್ತಾರಂತೆ. ಮಾತಿಗೆ ದುಭಾಷಿ ಇದ್ದಾನೆ, ಅವರ ಕಾಗದಪತ್ರ ಓದಬಲ್ಲವನು ಸಿಕ್ಕಿದರೆ ಸಹಾಯಕನಾಗಿ ಮೈಸೂರಿಗೆ ಕರೆದೊಯ್ಯುತ್ತಾರಂತೆ.

ಮೈಸೂರು ಎಂದ ಕೂಡಲೇ ನನ್ನ ಕಿವಿ ನೆಟ್ಟಗಾಯಿತು. ಮದುವೆಯಾದ ಹನ್ನೊಂದು ವರ್ಷದಿಂದ ದಿನಕ್ಕೆ ಎಂಟು ಕೊಡ ನೀರನ್ನು ಕೆರೆಯಿಂದ ಹೊತ್ತಿದ್ದೇನೆ. ಮೈಸೂರಿನಲ್ಲಿ ನನ್ನ ತಂಗಿಯ ಬೀದಿಯಲ್ಲಿ ನಲ್ಲಿ ಇದೆ, ತಿರುಗಿಸಿದರೆ ನೀರು ಬರುತ್ತದೆ. ಅದನ್ನು ನೋಡಿ ಬಂದ ದಿನದಿಂದ ದೇವರ ಹತ್ತಿರ ನಾನು ಬೇರೆ ಏನನ್ನೂ ಕೇಳಿಲ್ಲ. ಹಾಗಾಗಿ ಏನಾದರೂ ಕಲಿಯಲಿ ಎಂದು ಸುಮ್ಮನಾದೆ.

ಜಪಾನಿನಲ್ಲಿ ವ್ಯಾಪಾರ ಮಾಡಿ ಬಂದವರೊಬ್ಬರಿಂದ ಇವರು ಒಂದು ಪುಸ್ತಕ ತಂದಿದ್ದರು. ನಮ್ಮಲ್ಲಿ ಐವತ್ತು ಅಕ್ಷರ, ಅದಕ್ಕಿಷ್ಟು ಒತ್ತು ದೀರ್ಘ ಕಲಿತರೆ ರಾಮಾಯಣವನ್ನೇ ಓದಬಹುದು. ಆ ಜನಕ್ಕೆ ಒಂದೊಂದು ಪದಾರ್ಥಕ್ಕೂ ಒಂದೊಂದು ಅಕ್ಷರ. ಮರಕ್ಕೊಂದು, ಉಪ್ಪಿಗೊಂದು, ಪೊರಕೆಗೊಂದು. ಸಾವಿರ ಕಲಿತರೆ ಮುಂದೆ ಇನ್ನೊಂದು ಸಾವಿರ ಕೂತಿರುತ್ತದೆ.

ಮೊದಲು ಕೂಲಿಮಠದ ಪದ್ಧತಿ ನಡೆಯಿತು. ಜಗಲಿಯ ಮೇಲೆ ಮರಳು ಹರಡಿ, ಬೆರಳಿನಿಂದ ತಿದ್ದಿ, ಬೀದಿಗೆ ಕೇಳುವಂತೆ ಕೂಗುವುದು. ಎರಡೇ ದಿನಕ್ಕೆ ಬೆರಳು ಊದಿತು. ಮೂರನೆಯ ದಿನ ಯಾರದೋ ಕೋಳಿಗಳು ಬಂದು ಮರಳು ಕೆದಕಿದವು. ಕೋಳಿ ಕೆದಕಿದ್ದು ಯಾವುದು, ತಾವು ಬರೆದದ್ದು ಯಾವುದು ಎಂದು ಇವರಿಗೇ ತಿಳಿಯಲಿಲ್ಲ.

ಆಮೇಲೆ ಒಂದೆಲಗದ ಪದ್ಧತಿ. ಬರಿಹೊಟ್ಟೆಯಲ್ಲಿ ದಿನಾ ಒಂದು ಹಿಡಿ ಸೊಪ್ಪು ತಿಂದರೆ ಜ್ಞಾಪಕಶಕ್ತಿ ಕೆರಳುತ್ತದಂತೆ. ಕೆರಳಿತು. ಅಕ್ಷರ ಒಂದೂ ನೆನಪಿಗೆ ಬರಲಿಲ್ಲ, ನಮ್ಮ ಮದುವೆಯ ಊಟದಲ್ಲಿ ಇವರ ಎಲೆಗೆ ಹೋಳಿಗೆ ತಡವಾಗಿ ಬಂದದ್ದು ನೆನಪಿಗೆ ಬಂತು. ಅದರ ವಿಚಾರಣೆ ನಾಲ್ಕು ದಿನ ನಡೆಯಿತು.

ಕೊನೆಗೆ ಹುಟ್ಟಿದ್ದು ಚೀಟಿಯ ಪದ್ಧತಿ. ಪದಾರ್ಥ ಕಂಡಾಗಲೆಲ್ಲ ಅದರ ಅಕ್ಷರವೂ ಕಾಣಬೇಕು ಎಂದು ಮನೆಯ ಸಾಮಾನಿಗೆಲ್ಲ ಚೀಟಿ ಅಂಟಿಸಿದರು. ಕೊಡಕ್ಕೆ, ಬಾಗಿಲಿಗೆ, ಉಪ್ಪಿನ ಮಡಕೆಗೆ, ಹಸುವಿನ ಕೊಂಬಿಗೆ (ಅದನ್ನು ಕರು ತಿಂದಿತು). ಅಡುಗೆಮನೆಯ ಕಂಬದ ಮೇಲಿನದು ಏನೆಂದು ಕೇಳಿದರೆ "ಹೆಂಡತಿ" ಎಂದರು. ಹನ್ನೊಂದು ವರ್ಷ ಕಣ್ಣೆದುರು ಓಡಾಡಿದವಳನ್ನು ಗುರುತಿಸಲು ಇವರಿಗೆ ಚೀಟಿ ಬೇಕಾಯಿತು.

"ಅಲ್ಲಾ ರೀ, ಪೊರಕೆಗೂ ಅಂಟಿಸಿದ್ದೀರಲ್ಲ, ನಾನು ಗುಡಿಸೋದು ಹೇಗೆ?"

"ನೋಡಿಕೊಂಡು ಗುಡಿಸು. ನಿನಗೂ ನಾಲ್ಕು ಅಕ್ಷರ ಬರುತ್ತೆ."

"ನನಗೆ ಬಂದರೆ ಮೈಸೂರಿಗೆ ನಾನೇ ಹೋಗ್ತೀನಿ. ನೀವು ಇಲ್ಲೇ ಗುಡಿಸಿಕೊಂಡಿರಿ."

ಆದರೂ ಒಪ್ಪಿಕೊಳ್ಳಬೇಕು, ಈ ಪದ್ಧತಿ ಹಿಡಿಯಿತು. ತಿಂಗಳಾಗುವಷ್ಟರಲ್ಲಿ ಮನೆಯಲ್ಲಿ ಓಡಾಡಿಕೊಂಡೇ ನಲವತ್ತು ಅಕ್ಷರ ಒಪ್ಪಿಸತೊಡಗಿದರು. ನಾನೂ ಮನಸ್ಸಿನಲ್ಲೇ ತಂಗಿಯ ಪಕ್ಕದ ಮನೆ ಹಿಡಿದು, ನಲ್ಲಿಯ ಕೆಳಗೆ ಕೊಡ ಇಟ್ಟಾಗಿತ್ತು.

ಅಷ್ಟರಲ್ಲಿ ಆಷಾಢದ ಜಡಿಮಳೆ ಹಿಡಿಯಿತು. ಹಿಂದಿನ ಬೀದಿಯ ಚಲುವಯ್ಯನ ಮನೆಯಲ್ಲಿ ರೇಷ್ಮೆ ಹುಳುಗಳಿಗೆ ಸುಣ್ಣಕಟ್ಟು ರೋಗ ಬಂತು. ಹುಳು ಬಳಪದ ಹಾಗೆ ಬೆಳ್ಳಗೆ ಸೆಟೆದು ಸಾಯುತ್ತಿದ್ದವು. ಅವನ ಹೆಂಡತಿ ರಾಚಮ್ಮ ಹೆಪ್ಪಿಗೆ ಮೊಸರು ಕೇಳಲು ಬಂದವಳು ಚೀಟಿಗಳನ್ನು ನೋಡಿ ನಿಂತುಬಿಟ್ಟಳು. ಮನೆತುಂಬ ಯಂತ್ರ ಕಟ್ಟಿದ್ದೇವೆ ಎಂದುಕೊಂಡಳು. ಅಲ್ಲ ಕಣೇ, ಇದು ಪರದೇಶದ ಬರಹ ಎಂದು ನಕ್ಕೆ. ನಗುವುದನ್ನು ನೋಡಿ, ಗುಟ್ಟು ಮುಚ್ಚಿಡುತ್ತಿದ್ದಾಳೆ ಎಂದು ಅವಳಿಗೆ ಖಾತ್ರಿಯಾಯಿತು. ಹೋದರೆ ಸಾಕೆಂದು ಪೊರಕೆಯ ಚೀಟಿ ಕಿತ್ತುಕೊಟ್ಟೆ. ಚಲುವಯ್ಯ ಅದಕ್ಕೆ ಅರಿಶಿನ ಕುಂಕುಮ ಹಚ್ಚಿ ಹುಳದ ಮನೆಯ ಬಾಗಿಲಿಗೆ ಕಟ್ಟಿದ. ಆ ವಾರವೇ ಮಳೆ ಬಿಟ್ಟು ಬಿಸಿಲು ಬಿತ್ತು, ಉಳಿದ ಹುಳು ಬಲಿತು ಹಣ್ಣಾಗಿ ಚೆನ್ನಾಗಿ ಗೂಡು ಕಟ್ಟಿದವು.

ಬಿಸಿಲಿಗೆ ಯಾರು ಕೈಮುಗಿಯುತ್ತಾರೆ? ಮಾರನೆಯ ದಿನದಿಂದ ನಮ್ಮ ಹಿತ್ತಲ ಬಾಗಿಲಿಗೆ ಜನ. ಒಬ್ಬಳು ತುಪ್ಪ ತಂದಳು, ಒಬ್ಬಳು ಹುರುಳಿ ತಂದಳು, ಒಬ್ಬಳು ಅಚ್ಚುಬೆಲ್ಲ ತಂದಳು. ಇಂಥ ಮೂಢರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಆದರೆ ತುಪ್ಪ ಮೂಢವಲ್ಲವಲ್ಲ, ಒಳಗಿಟ್ಟುಕೊಂಡೆ. ಚೀಟಿಗಳು ಒಂದೊಂದಾಗಿ ಖಾಲಿಯಾದವು. ಆಮೇಲೆ ಪುಸ್ತಕ ತೆರೆದು, ಯಾವ ಪುಟ ಬಂತೋ ಅದನ್ನೇ ನೋಡಿ, ನಾನೇ ಲಾಳದ ಕಡ್ಡಿಯ ಲೇಖನಿಯಿಂದ ದುಂಡಗೆ ಬರೆದು ಕೊಟ್ಟೆ. (ನನ್ನ ಅಕ್ಷರ ಇವರದಕ್ಕಿಂತ ಚೆನ್ನ. ಇದು ಜಂಬವಲ್ಲ.)

ಚೀಟಿ ಎಲ್ಲಿ ಎಂದು ಇವರು ಕೇಳಿದರೆ, ಮಳೆಗಾಲದ ಥಂಡಿಗೆ ಬಿದ್ದುಹೋದವು ಎಂದೆ. ಕಲಿತಾಯಿತಲ್ಲ, ಹೋಗಲಿ ಎಂದರು ಮಹಾನುಭಾವರು. ಕಲಿತಿದ್ದರೆ ತಾನೇ. ಬಾಗಿಲಿನ ಅಕ್ಷರವನ್ನು ಇವರು ಬಾಗಿಲ ಮೇಲೆ ಮಾತ್ರ ಓದಬಲ್ಲವರಾಗಿದ್ದರು. ಅದು ನನಗಾಗಲಿ ಇವರಿಗಾಗಲಿ ಆಗ ಗೊತ್ತಿರಲಿಲ್ಲ.

ದಸರಾ ಮುಗಿಯಿತು, ಪಂಡಿತರು ಬಂದರು. ಗಿಡ್ಡಗೆ, ಚೊಕ್ಕಟವಾಗಿ, ಮಾತಿಗೊಮ್ಮೆ ಬಾಗುವ ಮನುಷ್ಯ. ಸ್ಕೂಲಿನಲ್ಲಿ ಕೂತು ಬರಿಯ ಹಾಳೆಯ ಮೇಲೆ ಒಂದು ಅಕ್ಷರ ಬರೆದು ಇವರ ಮುಂದೆ ಹಿಡಿದರಂತೆ. ಇವರು ಬೆವರು ಒರೆಸಿಕೊಂಡು, ಇದನ್ನು ನಮ್ಮ ಮನೆಯಲ್ಲೇ ಎಲ್ಲೋ ನೋಡಿದ್ದೇನೆ, ಹೋಗಿ ನೋಡಿಕೊಂಡು ಬರಲೇ ಎಂದು ಕೇಳಿದರಂತೆ. ಜಪಾನಿನವರು ಸಭ್ಯರು, ನಗಲಿಲ್ಲ. ಇನ್ನೂ ಎರಡು ಬರೆದು ತೋರಿಸಿ, ಅವೂ ಬಾರದಿದ್ದಾಗ, ಹುಳದ ಮನೆಗಳನ್ನು ನೋಡೋಣ ಎಂದು ಎದ್ದರಂತೆ.

ಚಲುವಯ್ಯನ ಬಾಗಿಲಿನಲ್ಲಿ ಅವರು ನಿಂತೇಬಿಟ್ಟರು. ಪೊರಕೆ ಎಂಬ ಅಕ್ಷರಕ್ಕೆ ಕುಂಕುಮ, ಹೂವು, ಊದುಬತ್ತಿ. ಪಕ್ಕದ ಮನೆಯಲ್ಲಿ ಉಪ್ಪಿಗೆ ಪೂಜೆಯಾಗಿತ್ತು. ಅದರಾಚೆಯ ಮನೆಯಲ್ಲಿ ಕೆಮ್ಮಿಗೆ ಆರತಿ. ಹನ್ನೆರಡು ಮನೆ ನೋಡಿ ಮುಗಿಸಿ, ಇದನ್ನೆಲ್ಲ ಬರೆದವರು ಯಾರು ಎಂದು ದುಭಾಷಿಯಿಂದ ಕೇಳಿಸಿದರು.

"ನಮ್ ಮೇಷ್ಟ್ರಮ್ಮಾರು ಬುದ್ಧಿ," ಎಂದ ಚಲುವಯ್ಯ. "ಅವರ ಕೈಗುಣ ದೊಡ್ಡದು."

ಎಲ್ಲರೂ ನಮ್ಮ ಮನೆಗೆ ಬಂದರು. ನಾನು ಬಾಗಿಲ ಮರೆಯಲ್ಲಿದ್ದೆ. ಪಂಡಿತರು ಬಾಗಿ, ಈ ತಾಯಿಯ ಕೈಬರಹ ಬಹಳ ಅಂದವಾಗಿದೆ ಎಂದು ಹೇಳಿಸಿದರು. ನಾನು ಅರ್ಧ ನಿಮಿಷ ಉಬ್ಬಿದೆ. ಅಷ್ಟೇ. ಮುಂದಿನ ಮಾತು ಬಂತು. ಈ ಊರಿನ ಹುಳಕ್ಕಿಂತ ಊರಿನವರಿಗೇ ರೋಗ ಹೆಚ್ಚಾಗಿದೆಯಂತೆ. ಇಲ್ಲೇ ನೆಲೆಸಿ ಮೂಢನಂಬಿಕೆ ಬಿಡಿಸಿ, ಹುಳದ ಮನೆ ಚೊಕ್ಕಟವಾಗಿ ಇಡುವುದನ್ನು ಕಲಿಸುವವನು ಬೇಕಂತೆ. ಬಾರದ್ದನ್ನು ಬಾರದೆಂದು ಒಪ್ಪಿಕೊಳ್ಳುವ ಮೇಷ್ಟ್ರು ಅದಕ್ಕೆ ತಕ್ಕವರಂತೆ. ಕಂಪಲಾಪುರದಲ್ಲೇ ಐದು ವರ್ಷ, ವರ್ಗ ಇಲ್ಲ. ಇವರು ಜಪಾನಿನವರಿಗಿಂತ ಹೆಚ್ಚು ಬಾಗಿ ನಮಸ್ಕರಿಸಿದರು. ನಾನು ಒಳಗೆ ಹೋಗಿ ಒಲೆಯ ಮುಂದೆ ಕೂತು ಅತ್ತೆ, ಸುಳ್ಳೇಕೆ ಹೇಳಲಿ.

ಸಂಜೆ ರಾಚಮ್ಮ ಬಂದಳು. ಕೈಯಲ್ಲಿ ಎಂದಿಗಿಂತ ದೊಡ್ಡ ತುಪ್ಪದ ಕುಡಿಕೆ, ಮುಖದಲ್ಲಿ ಮದುವೆಮನೆಯ ಕಳೆ.

"ನೀವು ಊರು ಬುಟ್ಟು ಒಂಟೋಯ್ತೀರಿ ಅಂತ ನಮ್ಮನೇಲಿ ಯಾರಿಗೂ ಇಟ್ಟು ಸೇರ್ತಿರ್ನಿಲ್ಲ ಕಣವ್ವ," ಎಂದಳು. "ಅದಕ್ಕೇ ಓದ ತಿಂಗ್ಳು ನೀವು ಬರ್ದು ಕೊಟ್ರಲ್ಲ, ಆ ಚೀಟಿಯ ಮಾರಮ್ಮನ ಗುಡಿ ಬೇವಿನ ಮರಕ್ಕೆ ಕಟ್ಟಿ, ಮೇಷ್ಟ್ರು ಮನೆಯೋರು ಎಲ್ಗೂ ಓಗದಂಗೆ ಇಲ್ಲೇ ಇರ್ಲಿ ಅಂತ ಅರಕೆ ಮಾಡ್ಕಂಡಿದ್ದೊ. ನಿಮ್ಮ ಕೈಬರವಣ್ಗೆ ಸುಳ್ಳಾಗಾಕಿಲ್ಲ ಬುಡಿ."

ಯಾವ ಅಕ್ಷರ ಬರೆದು ಕೊಟ್ಟಿದ್ದೆನೋ ನನಗೆ ಗೊತ್ತಿಲ್ಲ. ತುಪ್ಪ ತೆಗೆದುಕೊಂಡೆ.