ಕುರ್ತಾದ ಕೆಳಗಿನ ಕಬ್ಬಿಣ

ಹೊಟ್ಟೆಗೆ ಮುಕ್ಕಾಲು ಕಿಲೋ ಕಬ್ಬಿಣ ಕಟ್ಟಿಕೊಂಡು, ಏನೂ ಕಟ್ಟಿಕೊಂಡಿಲ್ಲವೆಂಬಂತೆ ಊರೆಲ್ಲ ಓಡಾಡುವವರಿಗೆ ಇಂಥವು ಆಗುತ್ತಲೇ ಇರುತ್ತವೆ. ಏನೂ ಆಗದ ದಿನವೇ ಅಪರೂಪ.

ಎರಡು ಸಾವಿರದ ದಶಕದ ನಡುವಿನ ಮಾತು. ನನ್ನ ಬಳಿ ಸಂಖ್ಯಾಶಾಸ್ತ್ರದ ಎಂ.ಎಸ್ಸಿ. ಇತ್ತು, ಆಸ್ಟ್ರೇಲಿಯಾದಲ್ಲಿ ಕಾಯಂ ನೆಲೆಸುವ ಪಿಆರ್ ಇತ್ತು, ಸಿಡ್ನಿಯ ಕಾಲ್ ಸೆಂಟರೊಂದರಲ್ಲಿ ದಿನಕ್ಕೆ ಎಂಟು ಗಂಟೆ ಬೈಸಿಕೊಳ್ಳುವ ಕೆಲಸವಿತ್ತು. ಅದನ್ನು ಬಿಟ್ಟು, ಅಂಗಡಿಗಳಿಂದ ಬ್ಯಾಂಕಿಗೆ ನಗದು ಸಾಗಿಸುವ ಕಂಪನಿಯೊಂದನ್ನು ಸೇರಿದೆ. ಅವರಲ್ಲಿ ಎರಡು ವಿಧಾನಗಳಿದ್ದವು. ಒಂದು, ಉಕ್ಕಿನ ವ್ಯಾನು, ಸಮವಸ್ತ್ರ, ಎಲ್ಲರಿಗೂ ಕಾಣುವ ಗನ್. ಇನ್ನೊಂದು, ಹಳೆಯ ಕಾರು, ಸಾಧಾರಣ ಬಟ್ಟೆಯ ಇಬ್ಬರು ಸಾಧಾರಣ ಮನುಷ್ಯರು, ಯಾರಿಗೂ ಕಾಣದ ಗನ್. ನಾನು ಸೇರಿದ್ದು ಎರಡನೆಯದಕ್ಕೆ. ಆ ದೇಶದಲ್ಲಿ ಹೆಣ್ಣೊಬ್ಬಳು ಆತ್ಮರಕ್ಷಣೆಗೆಂದು ಕೈಚೀಲದಲ್ಲಿ ಖಾರದ ಸ್ಪ್ರೇ ಇಟ್ಟುಕೊಳ್ಳುವುದೂ ತಪ್ಪು. ಪಿಸ್ತೂಲು ಕೆಲಸದ ವಸ್ತು ಮಾತ್ರ. ಬೆಳಿಗ್ಗೆ ಡಿಪೋದಲ್ಲಿ ಸಹಿ ಹಾಕಿ ತೆಗೆದುಕೊಳ್ಳಬೇಕು, ಸಂಜೆ ಸಹಿ ಹಾಕಿ ಒಪ್ಪಿಸಬೇಕು.

ಆ ತಂಡಕ್ಕೆ ನಾನೇ ಮೊದಲ ಹೆಂಗಸು. ಮ್ಯಾನೇಜರ್ ಮುಚ್ಚುಮರೆಯಿಲ್ಲದೆ ಹೇಳಿದ: "ಆರು ತಿಂಗಳು ನೋಡುತ್ತೇನೆ. ಆಕೆಯ ಹತ್ತಿರ ಗನ್ ಇದೆ ಎಂದು ಒಬ್ಬನೇ ಒಬ್ಬ ಫೋನ್ ಮಾಡಿದರೂ ಮುಗಿಯಿತು. ನನ್ನನ್ನು ಕೇಳಿದರೆ, ಹೆಂಗಸರ ಬಟ್ಟೆಯಲ್ಲಿ ಅದು ಅಡಗುವುದಿಲ್ಲ." ಅವನ ಮೇಜಿನ ಮೇಲೆ ಇನ್ನಿಬ್ಬರು ಹೆಂಗಸರ ಅರ್ಜಿಗಳಿದ್ದವು. ಅವುಗಳ ಮೇಲೆ ಕಾಫಿ ಕಪ್ ಇಟ್ಟಿದ್ದ. ನಾನು ಸೋತರೆ ಆ ಕಪ್ ಅಲ್ಲಿಂದ ಏಳುವುದಿಲ್ಲ, ನಾನು ಕಾಲ್ ಸೆಂಟರಿಗೆ ವಾಪಸ್ಸು. ಲೆಕ್ಕ ಸರಳವಾಗಿತ್ತು.

೧. ಹತ್ತು ಗೊಂಬೆಗಳು

ತರಬೇತಿ ನಡೆದದ್ದು ಮೆಲ್ಬರ್ನ್‌ನಲ್ಲಿ, ಜುಲೈ ತಿಂಗಳ ಚಳಿಯಲ್ಲಿ. ಮುಚ್ಚಿಹೋದ ಬಟ್ಟೆ ಅಂಗಡಿಯೊಂದರ ನೆಲಮಾಳಿಗೆ. ಅಂಗಡಿಯವರು ಬಿಟ್ಟುಹೋದ ಹತ್ತು ಹೆಣ್ಣುಗೊಂಬೆಗಳು ಸಾಲಾಗಿ ನಿಂತಿದ್ದವು. ಎಲ್ಲಕ್ಕೂ ಬಟ್ಟೆಯಿತ್ತು, ಒಂದಕ್ಕೂ ತಲೆ ಇರಲಿಲ್ಲ.

ತರಬೇತುದಾರ ಹೇಳಿದ: "ಈ ಕೋಣೆಯಲ್ಲಿ ಆಯುಧ ಅಡಗಿಸಿಕೊಂಡ ಹೆಂಗಸರು ಎಷ್ಟು ಜನ? ಮುಟ್ಟಬಾರದು. ನಲವತ್ತು ನಿಮಿಷ." ಬಾಗಿಲೆಳೆದುಕೊಂಡು ಹೋದ.

ಒಂದೇ ಟ್ಯೂಬ್‌ಲೈಟು, ಅದೂ ಕಣ್ಣು ಮಿಟುಕಿಸುತ್ತಿತ್ತು. ಮೂಲೆಯಲ್ಲಿ ಒಬ್ಬ ಮುದುಕಿ ನೆಲ ಒರೆಸುತ್ತಿದ್ದಳು. ನಾನು ನೋಟ್‌ಬುಕ್ ಹಿಡಿದು ತಲೆಯಿಲ್ಲದ ಹತ್ತು ಜನರ ಸುತ್ತ ತಿರುಗಿದೆ. ಒಂದು ಸುತ್ತು ಮುಗಿಸಿ ಹಿಂದೆ ನೋಡಿದಾಗ ಮೂರನೆಯ ಗೊಂಬೆಯ ತೋಳು ಮೊದಲಿದ್ದ ಕಡೆ ಇಲ್ಲ ಅನ್ನಿಸಿತು. ಇನ್ನೊಂದು ಸುತ್ತಿಗೆ ಮತ್ತೆ ಬೇರೆ ಕಡೆ ಇತ್ತು. ಆದರೂ ಬರೆದುಕೊಳ್ಳಲಿಲ್ಲ, ಅನ್ನಿಸಿದ್ದೆಲ್ಲ ದತ್ತಾಂಶವಲ್ಲ.

ಅವನು ಬಂದಾಗ "ಮೂವರು" ಎಂದೆ.

"ನಾಲ್ವರು" ಎಂದ.

ಮತ್ತೆ ಎಣಿಸಿದೆ. ಮೂವರೇ.

"ನಾಲ್ಕನೆಯವಳು ನಾನು ಕಣಮ್ಮಾ" ಎಂದು ಹಿಂದಿನಿಂದ ದನಿ ಬಂತು. ನೆಲ ಒರೆಸುತ್ತಿದ್ದ ಮುದುಕಿ ಕಾರ್ಡಿಗನ್ ಎತ್ತಿ ತೋರಿಸಿದಳು. ನಿಜವಾದ ತರಬೇತುದಾರಳು ಅವಳೇ. "ಆ ತೋಳನ್ನು ಎರಡು ಸಲ ತಿರುಗಿಸಿದ್ದೂ ನಾನೇ. ಒರೆಸಲು ಅಡ್ಡ ಬರುತ್ತಿತ್ತು."

ಉಳಿದ ವಾರ ಅವಳೇ ಕಲಿಸಿದಳು. ಬೆಲ್ಟಿನ ಚೀಲಗಳೆಲ್ಲ ಗಂಡಸರ ನೇರ ಸೊಂಟಕ್ಕೆ ಮಾಡಿದವು; ನಮಗೆ ಕೂತಾಗ ಹಿಡಿ ಪಕ್ಕೆಲುಬಿಗೆ ತಿವಿಯುತ್ತದೆ, ನಿಂತಾಗ ಹೊರಗೆ ಇಣುಕುತ್ತದೆ. ಹೊಟ್ಟೆಗೆ ಅಗಲವಾದ ಎಲಾಸ್ಟಿಕ್ ಪಟ್ಟಿ ಕಟ್ಟಿ, ಮೇಲೆ ನಿಮ್ಮ ಕಡೆಯ ಉದ್ದ ಅಂಗಿ ಹಾಕು ಎಂದಳು. ಕೊನೆಯ ದಿನ ಕೈ ಕುಲುಕಿ ಆಶೀರ್ವಾದವನ್ನೂ ಮಾಡಿದಳು:

"ನೆಲ ಒರೆಸುವ ಹೆಂಗಸನ್ನು ಈ ದೇಶದಲ್ಲಿ ಯಾರೂ ನೋಡುವುದಿಲ್ಲ. ನಿನಗಾದರೆ ಬಕೆಟ್ ಕೂಡ ಬೇಕಾಗುವುದಿಲ್ಲ."

೨. ತಣ್ಣಗಿನ ಹೊಟ್ಟೆ

ಸಿಡ್ನಿಯಲ್ಲಿ ನನ್ನ ಜೊತೆಗಾರ ಒಬ್ಬ ಮಾಜಿ ಬಸ್ ಡ್ರೈವರ್. ವಯಸ್ಸು ಐವತ್ತೈದು, ಮಂಡಿ ನೋವು, ದಿನಕ್ಕೆ ಹತ್ತು ಮಾತು. ಅವನು ಕಾರಿನಲ್ಲಿ ಕೂರುತ್ತಿದ್ದ, ನಾನು ಇಳಿದು ಹೋಗುತ್ತಿದ್ದೆ.

ದಿನಾ ಹನ್ನೊಂದಕ್ಕೆ ಪೆಂಡಲ್ ಹಿಲ್‌ನ ದಿನಸಿ ಅಂಗಡಿ. ಉಡುಪಿ ಕಡೆಯವರದ್ದು. ನಾನು ಹಣದ ಚೀಲ ಒಯ್ಯುವವಳೆಂದು ಒಡತಿಗೆ ಗೊತ್ತಿತ್ತು, ಕುರ್ತಾದ ಕೆಳಗೇನಿದೆಯೆಂದು ಗೊತ್ತಿರಲಿಲ್ಲ. ಊರಿನಿಂದ ವಿಸಿಟರ್ ವೀಸಾದಲ್ಲಿ ಬಂದ ಅವಳ ಅತ್ತೆ ಅಕ್ಕಿ ಮೂಟೆಗಳ ನಡುವೆ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಅಲ್ಲಾಡದೆ ಕೂತಿರುತ್ತಿದ್ದರು. ಊರಲ್ಲಿ ಸೂಲಗಿತ್ತಿಯಾಗಿದ್ದವರಂತೆ. ಅವರ ಕಣ್ಣು ನನ್ನ ಮುಖಕ್ಕೆ ಬರುತ್ತಲೇ ಇರಲಿಲ್ಲ, ಹೊಟ್ಟೆಯ ಹತ್ತಿರವೇ ನಿಲ್ಲುತ್ತಿತ್ತು.

ಒಂದು ದಿನ ಸೊಸೆ ಒಳಗೆ ಹೋದಾಗ ಎದ್ದು ಬಂದರು. ನಾನು ಹಿಂದೆ ಸರಿಯುವ ಮೊದಲೇ ಅಂಗೈಯನ್ನು ಹೊಟ್ಟೆಯ ಮೇಲಿಟ್ಟು ಕಣ್ಣು ಮುಚ್ಚಿದರು. ಅಷ್ಟರವರೆಗೆ ಗುಂಯ್‌ಗುಡುತ್ತಿದ್ದ ಫ್ರೀಜರು ಆಗಲೇ ನಿಂತಿತು. ಪಿಸ್ತೂಲಿನ ಹಿಡಿಯ ಮೇಲೆ ಆ ಬೆರಳುಗಳು ನಿಧಾನವಾಗಿ ಆಡಿದವು.

"ಎಷ್ಟು ತಿಂಗಳು?"

ಇಲ್ಲ ಎಂದರೆ ಮತ್ತೇನು ಎಂದು ಹೇಳಬೇಕು. "ನಾಲ್ಕು" ಎಂದೆ.

"ತಣ್ಣಗೆ ಉಂಟಲ್ಲ ಮಾರಾಯ್ತಿ. ಗಟ್ಟಿ ಉಂಟು. ಅಲುಗಾಡುದೂ ಇಲ್ಲ."

"ಮಲಗಿರಬೇಕು ಅಜ್ಜಿ."

ಕಣ್ಣು ತೆರೆದರು. ಅಲ್ಲಿಂದ ಮುಂದೆ ದಿನಾ ಹನ್ನೊಂದಕ್ಕೆ ನನ್ನನ್ನು ನೋಡುವರು, ಬೆರಳಲ್ಲಿ ಏನೋ ಎಣಿಸುವರು. ಸೊಸೆಗೆ ಹೇಳಿಯಾರು, ಸೊಸೆ ಕಂಪನಿಗೆ ಫೋನ್ ಮಾಡಿಯಾಳು ಎಂದು ನಾನೂ ದಿನ ಎಣಿಸುತ್ತಿದ್ದೆ. ಹೀಗಿರುವಾಗ ಒಂದು ಭಾನುವಾರ ಕನ್ನಡದವರ ಸಮಾರಂಭವೊಂದರಲ್ಲಿ ಎದುರಾದರು. ನಾನು ಸೀರೆಯಲ್ಲಿದ್ದೆ, ಹೊಟ್ಟೆ ಹಲಗೆಯಂತಿತ್ತು. ದೂರದಿಂದ ನೋಡಿದರು, ಅಷ್ಟೆ.

ಸೋಮವಾರ ಹನ್ನೊಂದಕ್ಕೆ ಅಂಗಡಿಗೆ ಹೋದೆ, ಹೊಟ್ಟೆಯ ಸಮೇತ. ಅಜ್ಜಿ ಹತ್ತಿರ ಕರೆದರು. ದನಿ ತಗ್ಗಿಸಿ, ಕಿವಿಯ ಹತ್ತಿರ ಬಾಯಿ ತಂದರು.

"ಹೆದರಬೇಡ, ಯಾರಿಗೂ ಹೇಳುದಿಲ್ಲ. ನಾನು ಎಂತೆಂತದೋ ಹೊಟ್ಟೆ ನೋಡಿದ್ದೇನೆ ಮಾರಾಯ್ತಿ. ಶನಿವಾರ ಆದಿತ್ಯವಾರ ರಜೆ ತೆಗೊಳ್ಳುವ ಹೊಟ್ಟೆ ಇದೇ ಮೊದಲು."

೩. ಆಯುಧಪೂಜೆ

ನಾನು ರೆಂಟಿಗಿದ್ದದ್ದು ರೌಸ್ ಹಿಲ್‌ನಲ್ಲಿ, ಬೆಂಗಳೂರಿನ ದಂಪತಿಯ ಮನೆಯ ಒಂದು ಕೋಣೆಯಲ್ಲಿ. ಅವರಿಗೆ ನಾನು "ಯಾವುದೋ ಸೆಕ್ಯೂರಿಟಿ ಆಫೀಸಿನಲ್ಲಿ" ಕೆಲಸ ಮಾಡುವವಳು. ಪಿಸ್ತೂಲು ಡಿಪೋದಲ್ಲೇ ಉಳಿಯುತ್ತಿತ್ತು; ಎಲಾಸ್ಟಿಕ್ ಪಟ್ಟಿ ಮಾತ್ರ ಒಗೆಯಲು ಮನೆಗೆ ಬರುತ್ತಿತ್ತು. ಕೇಳಿದರೆ ಬೆನ್ನುನೋವಿಗೆ ಎನ್ನುತ್ತಿದ್ದೆ.

ಅಕ್ಟೋಬರಿನ ಒಂದು ಬೆಳಿಗ್ಗೆ, ಬ್ಯಾಂಕಿನ ಹಿಂಬದಿಯ ಉದ್ದ ಕಾರಿಡಾರು. ಕಿಟಕಿಯಿಲ್ಲ, ಸೆಖೆ, ನಮ್ಮಿಬ್ಬರ ಹೆಜ್ಜೆ ಬಿಟ್ಟರೆ ಸದ್ದಿಲ್ಲ. ಅಂದು ಚೀಲ ಭಾರವಾಗಿತ್ತೆಂದು ಜೊತೆಗಾರನೂ ಬಂದಿದ್ದ. ಅರ್ಧ ದಾರಿಯಲ್ಲಿ ಅವನು ನಿಂತ. ಮುಖದಲ್ಲಿ ರಕ್ತವಿರಲಿಲ್ಲ.

"ಅಲ್ಲಾಡಬೇಡ. ಕೆಳಗೆ ನೋಡಬೇಡ."

ನೋಡಿದೆ. ತಿಳಿಹಳದಿ ಕುರ್ತಾದ ಮೇಲೆ, ಹೊಟ್ಟೆಯ ಮಧ್ಯದಲ್ಲಿ, ಅಂಗೈಯಗಲದ ಕೆಂಪು. ನೋಡನೋಡುತ್ತಿದ್ದಂತೆ ಹರಡುತ್ತಿತ್ತು. ಗುಂಡಿನ ಸದ್ದು ಕೇಳಿರಲಿಲ್ಲ, ನೋವಿರಲಿಲ್ಲ. ನೋವಿಲ್ಲದಿರುವುದೇ ಕೆಟ್ಟ ಲಕ್ಷಣ ಎಂದು ತರಬೇತಿಯಲ್ಲಿ ಹೇಳಿದ್ದರು. ಹತ್ತು ಸೆಕೆಂಡು ನಾನು ಸತ್ತಿದ್ದೆ. ಆಮೇಲೆ ಮೂಗಿಗೆ ಬೆವರಿಗೆ ಕರಗಿದ ಕುಂಕುಮದ ವಾಸನೆ ಬಂತು.

ಸಂಜೆ ಮನೆಯ ಆಂಟಿಯನ್ನು ಕೇಳಿದೆ. "ನಿನ್ನೆ ಆಯುಧಪೂಜೆ ಅಲ್ವೇನಮ್ಮ? ಕಾರು, ಮಿಕ್ಸಿ, ಕಂಪ್ಯೂಟರ್, ವ್ಯಾಕ್ಯೂಮ್ ಕ್ಲೀನರ್ ಎಲ್ಲಕ್ಕೂ ಇಟ್ಟೆ. ನೀನೂ ದಿನಾ ಆ ಪಟ್ಟಿ ಕಟ್ಕೊಂಡೇ ಡ್ಯೂಟಿಗೆ ಹೋಗ್ತೀಯಲ್ಲ. ಅದೇ ನಿನ್ನ ಆಯುಧ ಅಂತ ಒಳಗಡೆ ಒಂಚೂರು ಜಾಸ್ತಿನೇ ಹಚ್ಚಿದೆ."

ಮರುದಿನ ಜೊತೆಗಾರನಿಗೆ ವಿವರಿಸಬೇಕಾಯಿತು. ಕೆಲಸದ ಸಾಧನಗಳಿಗೆ ವರ್ಷಕ್ಕೊಮ್ಮೆ ಪೂಜೆ, ವರ್ಷವಿಡೀ ಕೈಕೊಡದಿರಲಿ ಎಂದು. ನಾನು ನಂಬುವುದಿಲ್ಲ ಎಂದೂ ಸೇರಿಸಿದೆ. ಅವನು ಪ್ಯಾಂಟನ್ನು ಮಡಚುತ್ತ ಮಡಚುತ್ತ ಮೇಲೆತ್ತಿ ಕೇಳಿದ:

"ಮಂಡಿಗೂ ಹಚ್ಚುತ್ತಾರಾ ಅವರು?"

೪. ಲಿಫ್ಟ್

ಇದು ಚಿಕ್ಕದು. ಶಾಪಿಂಗ್ ಸೆಂಟರಿನ ಲಿಫ್ಟ್. ನಾನು, ಅಪರಿಚಿತಳಾದ ಒಬ್ಬ ತಾಯಿ, ಐದು ವರ್ಷದ ಮಗಳು. ಎರಡು ಮಹಡಿಗಳ ನಡುವೆ ಲಿಫ್ಟ್ ನಿಂತಿತು, ದೀಪ ಮಂಕಾಯಿತು. ದೊಡ್ಡವರೆಲ್ಲ ಮೇಲೆ ನೋಡುವಾಗ, ಹೊಟ್ಟೆಯ ಎತ್ತರದಲ್ಲಿ ಕಣ್ಣಿರುವವರು ಎದುರಿಗೆ ನೋಡುತ್ತಾರೆ. ಆ ಮಗು ರೆಪ್ಪೆ ಬಡಿಯಲಿಲ್ಲ.

"ಪುಟ್ಟಿ, ಆಂಟೀನ ಹಾಗೆ ನೋಡಬಾರದು" ಎಂದಳು ತಾಯಿ, ನನಗೆ ಕನ್ನಡ ಬಾರದೆಂಬ ಧೈರ್ಯದಲ್ಲಿ.

ಮಗು ಬಾಯಿ ತೆರೆಯಿತು, ಇಂಗ್ಲಿಷಿನಲ್ಲಿ, ತೀರಾ ಮೆಲ್ಲಗೆ: "ಮಮ್ಮಿ, ಷಿ ಹ್ಯಾಸ್ ಎ ಗನ್." ಆಮೇಲೆ ನನ್ನ ಕಡೆ ತಲೆಯೆತ್ತಿ: "ಹೂ ಈಸ್ ಇಟ್ ಫಾರ್?"

ಯಾರಿಗೆ? ಐದು ತಿಂಗಳಿನಲ್ಲಿ ನನ್ನನ್ನು ನಾನೇ ಕೇಳಿಕೊಳ್ಳದ ಪ್ರಶ್ನೆ. ಕೆಲಸ ಹೋಯಿತು ಎಂದುಕೊಂಡೆ. ತಾಯಿ ಮಗುವಿನ ಬಾಯಿ ಮುಚ್ಚಿ, ಕೆಂಪಾಗಿ, ಕನ್ನಡದಲ್ಲಿ ಪಿಸುಗುಟ್ಟಿದಳು:

"ಶ್! ಗನ್ನೂ ಇಲ್ಲ ಗಿನ್ನೂ ಇಲ್ಲ. ಪಾಪ, ಅವರು ಇರೋದೇ ಹಾಗೆ. ಬೊಜ್ಜು ಅದು."

೫. ನಾಲ್ಕು ಪುಟದ ವರದಿ

ಆರನೆಯ ತಿಂಗಳ ಕೊನೆಯ ದಿನ ಮ್ಯಾನೇಜರ್ ಕರೆದ. ಯಾರೂ ಫೋನ್ ಮಾಡಿರಲಿಲ್ಲ. ಅದು ಸಾಲದೆಂದು ಅವನು ನನಗೆ ಹೇಳದೆ ಮೆಲ್ಬರ್ನ್‌ನಿಂದ ಒಬ್ಬ ಪತ್ತೇದಾರನನ್ನು ಕರೆಸಿದ್ದನಂತೆ. ನನ್ನ ವಿಳಾಸ ಕೊಟ್ಟು, ಮೂರು ವಾರ ಹಿಂಬಾಲಿಸಿ ಆಯುಧ ಎಲ್ಲಿದೆ ಪತ್ತೆ ಮಾಡು ಎಂದಿದ್ದನಂತೆ.

"ಓದು" ಎಂದು ನಾಲ್ಕು ಪುಟ ಮುಂದೆ ತಳ್ಳಿದ. ಮೇಲೆ ನನ್ನ ಹೆಸರಿತ್ತು.

*ಸೋಮವಾರ. ಬೆಳಿಗ್ಗೆ ಮಗನನ್ನು ಶಾಲೆಗೆ ಬಿಟ್ಟಳು. ಆಯುಧ ಕಾಣಲಿಲ್ಲ.*

ನನಗೆ ಮಗನಿಲ್ಲ.

*ಬುಧವಾರ. ಈಜುಕೊಳದಲ್ಲಿ ನಲವತ್ತು ನಿಮಿಷ. ಈಜುಡುಗೆಯಲ್ಲಿದ್ದಾಗಲೂ ಆಯುಧ ಕಾಣಲಿಲ್ಲ. ಅಸಾಧಾರಣ ಕೌಶಲ.*

ನನಗೆ ಈಜು ಬರುವುದಿಲ್ಲ.

*ಶುಕ್ರವಾರ. ಸ್ಟೇಷನ್ನಿನ ಹತ್ತಿರ ಕಾರು ನಿಲ್ಲಿಸಿ, ಎಂಜಿನ್ ಆರಿಸಿ, ಸ್ಟಿಯರಿಂಗ್ ಮೇಲೆ ಎರಡೂ ಕೈಯಿಟ್ಟು ಹತ್ತು ನಿಮಿಷ ಕೂತಿದ್ದಳು. ಕಣ್ಣೊರೆಸಿಕೊಂಡು, ಕನ್ನಡಿ ನೋಡಿಕೊಂಡು ಮನೆಗೆ ಹೋದಳು. ಕಾರಣ ತಿಳಿಯಲಿಲ್ಲ.*

ನನ್ನ ಹೆಸರಿನ ಕೆಳಗೆ ಯಾರದೋ ಜೀವನ ನಡೆದಿತ್ತು. ಕೊನೆಯಲ್ಲಿ ಮೂರು ಫೋಟೋ. ಒಂದರಲ್ಲಿ ಬೆನ್ನು: ನನ್ನಂಥದೇ ಜಡೆ, ನನ್ನಂಥದೇ ಬೂದು ಕುರ್ತಾ. ಎರಡನೆಯದರಲ್ಲಿ ಅವಳು ರಸ್ತೆಯ ನಡುವೆ ನಿಂತಿದ್ದಳು. ಮೂರನೆಯದರಲ್ಲಿ ತಿರುಗಿ ನೇರ ಕ್ಯಾಮೆರಾದ ಕಡೆ ನೋಡುತ್ತಿದ್ದಳು. ಹಿಂದೆ ಯಾರೋ ಇದ್ದಾರೆಂದು ಅವಳಿಗೆ ಗೊತ್ತಾಗಿತ್ತು. ಮನೆಯಲ್ಲಿ ಹೇಳಿರುತ್ತಾಳೆ. ನಿನ್ನ ಭ್ರಮೆ ಎಂದು ಮನೆಯವರು ಹೇಳಿರುತ್ತಾರೆ. ನಮ್ಮ ರಸ್ತೆಯವಳೇ ಇರಬೇಕು. ನಾನು ಒಮ್ಮೆಯೂ ನೋಡಿದ ನೆನಪಿರಲಿಲ್ಲ.

ಮೇಜಿನ ಆ ತುದಿಯಲ್ಲಿ ಎರಡು ಅರ್ಜಿಗಳಿದ್ದವು, ಅವುಗಳ ಮೇಲೆ ಕಪ್. ಕೆಲಸ ಕಾಯಂ ಮಾಡುವ ಕಾಗದಕ್ಕೆ ಸುಮ್ಮನೆ ಸಹಿ ಹಾಕಿಸಿಕೊಂಡು ಎದ್ದುಹೋಗಬಹುದಿತ್ತು. ಹಾಗೇ ಮಾಡಬೇಕೆಂದಿದ್ದೆ. ಆದರೆ ಆ ಮೂರನೆಯ ಫೋಟೋ ನನ್ನನ್ನೇ ನೋಡುತ್ತಿತ್ತು.

"ಇದು ನಾನಲ್ಲ" ಎಂದೆ.

ಮ್ಯಾನೇಜರ್ ಫೋಟೋ ನೋಡಿದ. ನನ್ನನ್ನು ನೋಡಿದ. ಮತ್ತೆ ಫೋಟೋ ನೋಡಿದ.

"ನೀನೇ."

"ನನಗೆ ಮಗನಿಲ್ಲ."

"ಅದಕ್ಕೇ ಮೆಚ್ಚಬೇಕು. ಬಾಡಿಗೆಗೆ ಮಗನನ್ನು ತಂದು ಶಾಲೆಗೆ ಬಿಡುವ ಮಟ್ಟಕ್ಕೆ ನಮ್ಮ ಗಂಡಸರು ಯಾರೂ ಹೋಗಿಲ್ಲ."

"ಈಗಲೂ ಅವಳ ಹಿಂದೆ ಯಾರಾದರೂ ಇದ್ದಾರಾ?"

"ನಿನ್ನ ಹಿಂದೆಯಾ? ಇಲ್ಲ, ಮುಗಿಯಿತು. ಅವನು ವಾಪಸ್ಸು ಹೋದ." ಕಪ್ಪನ್ನು ಎತ್ತಿ, ಅರ್ಜಿಗಳನ್ನು ಈಚೆಗೆ ಎಳೆದುಕೊಂಡ. "ಹೆಂಗಸರ ಬಟ್ಟೆಯ ವಿಷಯದಲ್ಲಿ ನನ್ನದು ತಪ್ಪು ಅಂದುಕೊಳ್ಳುತ್ತೇನೆ. ಇವರಿಬ್ಬರನ್ನೂ ಕರೆಸುತ್ತೇನೆ." ನನ್ನ ಕಾಗದಕ್ಕೆ ಪೆನ್ನು ತಂದವನು ಅರ್ಧದಲ್ಲಿ ನಿಂತ. "ಒಂದು ದೋಷ ಬರೆದಿದ್ದಾನೆ. ಅದು ಸರಿಯಾಗದೆ ಸಹಿ ಹಾಕುವಂತಿಲ್ಲ."

ಗಟ್ಟಿಯಾಗಿ ಓದಿದ: "ಈಕೆ ಎದುರಿಗೆ ಬಂದ ಎಲ್ಲರಿಗೂ, ಅಂಗಡಿಯವರಿಗೆ, ಬಸ್ ಡ್ರೈವರುಗಳಿಗೆ, ನಾಯಿಗಳಿಗೆ ಸಹ, ತುಂಬು ಮುಖದ ನಗೆ ನಗುತ್ತಾಳೆ. ಇದರಿಂದ ಎಲ್ಲರ ನೆನಪಿನಲ್ಲಿ ಉಳಿಯುತ್ತಾಳೆ. ತಕ್ಷಣ ತಿದ್ದಿಕೊಳ್ಳಬೇಕು."

ತಲೆಯೆತ್ತಿ ನನ್ನ ಮುಖವನ್ನು ನೋಡಿದ. ಸಾಕಷ್ಟು ಹೊತ್ತು ನೋಡಿದ.

"ತಿದ್ದಿಕೊಂಡಿದ್ದೀಯ" ಎಂದು ಸಹಿ ಹಾಕಿದ.