ಮೇ ಹೂವಿನ ಕುಂಡ

ಬೇಸಿಗೆ ಬಂತೆಂದರೆ ಮದ್ದೂರಿನ ನಮ್ಮ ಕೈತೋಟಕ್ಕೆ ಬಣ್ಣ ಬರುತ್ತದೆ, ನನ್ನ ಮುಖದ ಬಣ್ಣ ಹೋಗುತ್ತದೆ. ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಹೇಳಿ ನಿವೃತ್ತನಾದವನು ನಾನು. ಹೂ ನೋಡಿಕೊಂಡು ಕಾಫಿ ಕುಡಿಯೋಣ ಎಂದಷ್ಟೇ ಆಸೆ. ಆದರೆ ಪ್ರತಿ ವರ್ಷ ಏನಾದರೊಂದು ಆಗುತ್ತಲೇ ಇರುತ್ತದೆ. ಸಾಕಾಗಿಹೋಗಿದೆ.

ಯಾವುದಕ್ಕೆ ಬತ್ತದೆ?

ಹಲಗೂರಿನಿಂದ ಬಂದ ಭಾವಮೈದನಿಗೆ ತೋಟ ತೋರಿಸಿದೆ.

"ಇದೇನ್ ಬಾವ?"

"ಕಾಗದದ ಹೂ."

"ದ್ಯಾವ್ರಿಗೆ ಮುಡಿಸ್ತಾರಾ?"

"ಇಲ್ಲ."

"ಇದು?"

"ಟೇಬಲ್ ರೋಸು. ಬಿಸಿಲೇರಿದ ಮೇಲೆ ಅರಳುತ್ತೆ."

"ಸಾರಿಗೆ ಬತ್ತದಾ?"

"ಇಲ್ಲಪ್ಪ."

"ಈ ಕೋಳಿಜುಟ್ಟು ಸುಗರ್‌ಗೆ ಒಳ್ಳೇದಾ?"

"ಬರೀ ನೋಡೋಕೆ ಕಣಯ್ಯ!"

ಅವನು ಮರುಕದಿಂದ ನನ್ನನ್ನು ನೋಡಿ ಒಳಗೆ ಹೋದ. "ಬಾವಂಗೆ ಒತ್ತು ಓಯ್ತಿಲ್ಲ ಕಣಕ್ಕ. ಒಂದು ಅಸ ಕಟ್ಕೊಡು, ಮೇಯಿಸ್ಕೊಂಡಿರ್ಲಿ" ಎಂದ.

ಖಾಲಿ ಕುಂಡ

ನನಗೆ ಪ್ರಾಣವೆಂದರೆ ಮೇ ಹೂ. ಚಳಿಗಾಲವೆಲ್ಲ ಗೆಡ್ಡೆ ಮಣ್ಣೊಳಗೆ ಮಲಗಿರುತ್ತದೆ. ಬೇಸಿಗೆ ಮಳೆ ಬಿದ್ದ ಮೇಲೆ ಒಂದೇ ಒಂದು ಕೆಂಪು ಚೆಂಡು. ಒಂದು ವಾರ ಇದ್ದರೆ ಹೆಚ್ಚು. ಅದು ಪೂರ್ತಿ ಅರಳಿದ್ದನ್ನು ಒಂದು ಸಲವಾದರೂ ನೋಡಬೇಕೆಂದು ಕಾದಿದ್ದೆ. ಮೊದಲ ವರ್ಷ ಹೆಂಡತಿ, ಕುಂಡ ಖಾಲಿಯಿದೆಯೆಂದು ಕೊತ್ತಂಬರಿ ಬಿತ್ತಿದಳು. ನನಗೆ ಗೊತ್ತಾದದ್ದು ಅದು ಸಾರಿಗೆ ಬಿದ್ದ ದಿನ.

"ಒಳಗೆ ಗೆಡ್ಡೆ ಇರಲಿಲ್ವೇನೇ?"

"ಯಾವ್ದೋ ಹಳೇ ಈರುಳ್ಳಿ ಇತ್ತು. ತಿಪ್ಪೆಗೆ ಹಾಕ್ದೆ."

ತಿಪ್ಪೆ ಕೆದಕಿ ತಂದು ಮತ್ತೆ ನೆಟ್ಟೆ. ಬೈಯೋಣವೆಂದರೆ ಸಾರು ಘಮಘಮ ಎನ್ನುತ್ತಿತ್ತು. ಎರಡು ಸಲ ಬಡಿಸಿಕೊಂಡೆ.

ಅರ್ಧ ಪುಣ್ಯ

ಮುಂದಿನ ವರ್ಷ ಮೊಗ್ಗು ಬಂತು. ಮಳವಳ್ಳಿಗೆ ಮದುವೆಗೆ ಹೋಗಿ ಬರುವಷ್ಟರಲ್ಲಿ ಬರೀ ದಂಟು! ಬೆಳಗಾಗೆದ್ದು ಬೀದಿಯ ಕಾಂಪೌಂಡುಗಳಿಗೆಲ್ಲ ಕೈ ಹಾಕಿ ಪೂಜೆಗೆ ಹೂ ಬಿಡಿಸುವ ಎದುರುಮನೆಯಮ್ಮನನ್ನು ಕೇಳಿದೆ.

"ದ್ಯಾವ್ರಿಗೆ ಕಿತ್ರೆ ಕಳ್ತನವಾ ಮೇಷ್ಟ್ರೇ? ನಿಮ್ ಎಸ್ರೇಳ್ಕೊಂಡೇ ಮುಡ್ಸಿವ್ನಿ. ಅರ್ಧ ಪುಣ್ಯ ನಿಮ್ದೇ ಕಣಿ."

ಅರ್ಧ ಪುಣ್ಯ ಬಿಟ್ಟುಕೊಟ್ಟವರ ಜೊತೆ ಜಗಳವಾಡುವುದು ಹೇಗೆ?

ಪ್ರಸಾದ

ಈ ವರ್ಷ ಒಂದು ಉಪಾಯ ಮಾಡಿದೆ. ಮೊಗ್ಗು ಕಂಡದ್ದೇ ಕುಂಡಕ್ಕೆ ಅರಿಶಿನ ಕುಂಕುಮ ಹಚ್ಚಿ, ಇದು ದೇವರ ಗಿಡ ಎಂದು ಬೀದಿಗೆಲ್ಲ ಹೇಳಿದೆ. ಯಾರೂ ಮುಟ್ಟಲಿಲ್ಲ. ಇವತ್ತು ಅರಳಿರುತ್ತದೆಂದು ಬೆಳಿಗ್ಗೆ ಕಾಫಿ ಹಿಡಿದು ಹೊರಗೆ ಬಂದರೆ ಕುಂಡವೇ ಕಾಣಿಸದು. ಬೀದಿಯ ಹೆಂಗಸರೆಲ್ಲ ಸೇರಿ ಅದಕ್ಕೆ ಪೂಜೆ ಮಾಡುತ್ತಿದ್ದಾರೆ, ಮೇಲೆ ಹೂವಿನ ರಾಶಿ. ದಾಸವಾಳ, ಕಣಗಿಲೆ, ಕೊನೆಗೆ ಕಾಗದದ ಹೂವೂ ಬಿಟ್ಟಿಲ್ಲ. ಎಲ್ಲವೂ ನನ್ನ ತೋಟದ್ದೇ. ಗಿಡಗಳೆಲ್ಲ ಬೋಳು.

ರಾಶಿ ಸರಿಸಲು ಕೈ ಚಾಚಿದೆ.

"ಅಯ್ಯೋ, ಮೈಲ್ಗೇಲಿ ಮುಟ್ಬ್ಯಾಡಿ ಮೇಷ್ಟ್ರೇ! ನೀರುಯ್ಕೊಂಡ್ ಬನ್ನಿ" ಎಂದು ಎದುರುಮನೆಯಮ್ಮ ಕೂಗಿದರು.

ಓಡಿಹೋಗಿ ಸ್ನಾನ ಮಾಡಿ ಒದ್ದೆ ಪಂಚೆಯಲ್ಲೇ ಬಂದೆ. ಅಷ್ಟರಲ್ಲಿ ಪೂಜೆ ಮುಗಿದಿತ್ತು. ಆಕೆ ಕೆಂಪು ಚೆಂಡನ್ನು ಚಿವುಟಿ ನನ್ನ ಅಂಗೈಗಿಟ್ಟರು.

"ತಕಳಿ, ಪ್ರಸಾದ. ಕಣ್ಗೊತ್ಕಳಿ."

ಇನ್ನೇನು ಮಾಡಲಿ, ಕಣ್ಣು ಮುಚ್ಚಿ ಒತ್ತಿಕೊಂಡೆ. ಕಣ್ಣು ಬಿಡುವಷ್ಟರಲ್ಲಿ ಹೆಂಡತಿ ಅದನ್ನು ಕೈಯಿಂದೆತ್ತಿ ಮುಡಿದುಕೊಂಡಾಗಿತ್ತು.

"ಹೇಗೆ ಕಾಣ್ತದೆ?" ಎಂದಳು.

ಪೂರ್ತಿ ಅರಳಿತ್ತು.